ಒಂದೂಕಾಲು ಆಣೆ ಹೆಜ್ಜೆ

ಕರಾಟೆಯ ಹಳದಿ ಬೆಲ್ಟಿನ ಪರೀಕ್ಷೆಯ ದಿನ. ಕಟಾ ಮುಗಿಸಿ, ಕೈ ಇಳಿಸಿ, ಉಸಿರು ಬಿಟ್ಟು ನಿಂತಿದ್ದೆ. ಎಡಗಡೆಯಿಂದ ಸಣ್ಣ ದನಿ ಬಂತು. "ಆಂಟಿ, ಇದು ನನ್ನ ಜಾಗ."

ನೋಡಿದರೆ ಅವನು ಹೇಳಿದ್ದು ನಿಜ. ಶುರು ಮಾಡುವಾಗ ನಮ್ಮಿಬ್ಬರ ನಡುವೆ ಎರಡು ಸ್ಕೂಲ್ ಬ್ಯಾಗ್ ಇಡುವಷ್ಟು ಜಾಗ ಇತ್ತು. ಮುಗಿಯುವ ಹೊತ್ತಿಗೆ ನನ್ನ ಮೊಣಕೈ ಅವನ ಕಿವಿಯ ಹತ್ತಿರ ಇತ್ತು. ಅವನೂ ಚೂರು ಬಲಕ್ಕೆ ಬಂದಿದ್ದ ಅನ್ನೋದು ನನ್ನ ವಾದ. ಆದರೆ 9 ವರ್ಷದ ಹುಡುಗನ ಜೊತೆ 42 ವರ್ಷದ ಹೆಂಗಸು ಜಾಗದ ತಕರಾರು ಮಾಡೋಕಾಗುತ್ತಾ? ಸುಮ್ನೆ ಪಕ್ಕಕ್ಕೆ ಸರಿದೆ. ಮಾಸ್ಟ್ರು ಬೆಲ್ಟ್ ಕೊಟ್ಟರು. ಕೊಡುವಾಗ ಮೆಲ್ಲಗೆ, "ಎಂಬುಸೆನ್ ಸ್ವಲ್ಪ ನೋಡ್ಕೊಳ್ಳಿ ಮೇಡಂ" ಅಂದರು. ಅಂದರೆ ಹೆಜ್ಜೆ ಹೋಗುವ ದಾರಿ.

ನಾನು ಕರಾಟೆಗೆ ಸೇರಿದ್ದೇ ಒಂದು ಕಾಕತಾಳೀಯ. ಸೇರಿಸಿದ್ದು ಮಗನನ್ನ. ತುಮಕೂರಿನ ಎಸ್.ಎಸ್. ಪುರಂ ಕಡೆ ಒಂದು ಹಾಲ್‌ನಲ್ಲಿ ವಾರಕ್ಕೆ ಮೂರು ಸಂಜೆ ಕ್ಲಾಸು. ಮೂರು ವಾರಕ್ಕೆ ಅವನಿಗೆ ಕ್ರಿಕೆಟ್ ಹುಚ್ಚು ಹಿಡಿಯಿತು. ಮೂರು ತಿಂಗಳ ಫೀಸು ಕಟ್ಟಿ ಆಗಿತ್ತು. ನಾನು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವಳು. ಕಟ್ಟಿದ ದುಡ್ಡು ಹಾಗೇ ಹೋಗುವುದನ್ನು ನೋಡಿಕೊಂಡು ಕೂರೋದು ನನ್ನ ಜಾಯಮಾನದಲ್ಲಿ ಇಲ್ಲ. ಅವನ ಬದಲು ನಾನು ಹೋದೆ. ಮಾಸ್ಟ್ರು ನಕ್ಕರು, ಆದರೆ ಬೇಡ ಅನ್ನಲಿಲ್ಲ.

ಕಟಾ ಅಂದರೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಎದುರಾಳಿ ಇಲ್ಲದೆ ಒಬ್ಬರೇ ಮಾಡುವ ಹೊಡೆತ, ತಡೆ, ತಿರುವುಗಳ ಕಟ್ಟಿದ ಸರಣಿ. ಶೋಟೊಕಾನ್ ಶೈಲಿಯಲ್ಲಿ ಮೊದಲು ಕಲಿಸುವುದು ಸಾಮಾನ್ಯವಾಗಿ ಹೇಯಾನ್ ಶೋದಾನ್. ಒಟ್ಟು 21 ಚಲನೆ. 9ನೆಯದಕ್ಕೂ 17ನೆಯದಕ್ಕೂ ಜೋರಾಗಿ ಕೂಗಬೇಕು, ಅದು ಕಿಯಾಯ್. ಒಕಿನಾವಾದ ಆಂಕೊ ಇತೊಸು ಅನ್ನುವವರು 20ನೇ ಶತಮಾನದ ಶುರುವಿನಲ್ಲಿ ಅಲ್ಲಿನ ಶಾಲೆ ಮಕ್ಕಳಿಗೆ ಅಂತ ಕಟ್ಟಿದ ಪಾಠಗಳಲ್ಲಿ ಇದೂ ಒಂದು. ಆಗ ಇವಕ್ಕೆ ಪಿನಾನ್ ಅಂತ ಹೆಸರಿತ್ತು. 1922ರಲ್ಲಿ ಟೋಕಿಯೊಗೆ ಹೋಗಿ ಕರಾಟೆ ತೋರಿಸಿದ ಗಿಚಿನ್ ಫುನಾಕೋಶಿ ಮುಂದೆ ಅದನ್ನು ಹೇಯಾನ್ ಅಂತ ಮಾಡಿದರು. ಶಾಲೆ ಮಕ್ಕಳಿಗೆ ಅಂತಲೇ ಮಾಡಿದ್ದು ಅಂತ ತಿಳಿದ ಮೇಲೆ ಪುಟಾಣಿಗಳ ಸಾಲಿನಲ್ಲಿ ನಿಲ್ಲುವ ನಾಚಿಕೆ ಸ್ವಲ್ಪ ಕಡಿಮೆಯಾಯಿತು.

ಪ್ರತಿ ಕಟಾಗೂ ನೆಲದ ಮೇಲೆ ಒಂದು ದಾರಿ ಇರುತ್ತದೆ. ಅದೇ ಎಂಬುಸೆನ್. ಹೇಯಾನ್ ಶೋದಾನ್‌ನ ದಾರಿ ಇಂಗ್ಲಿಷಿನ ದೊಡ್ಡ ಐ ಅಕ್ಷರದ ಹಾಗೆ. ಕೆಳಗೊಂದು ಅಡ್ಡಗೆರೆ, ಮೇಲೊಂದು ಅಡ್ಡಗೆರೆ, ನಡುವೆ ಉದ್ದಗೆರೆ. ಕೆಳಗಿನ ಅಡ್ಡಗೆರೆಯ ಮಧ್ಯದಲ್ಲಿ ನಿಂತು ಶುರು. ಎಡಕ್ಕೆ ಹೋಗಿ, ಬಲಕ್ಕೆ ಹೋಗಿ, ನೇರ ಮುಂದೆ ಹೋಗಿ, ಮೇಲಿನ ಅಡ್ಡಗೆರೆಯಲ್ಲೂ ಹಾಗೇ ಮಾಡಿ, ಅದೇ ಉದ್ದಗೆರೆಯಲ್ಲಿ ವಾಪಸ್ಸು ಬಂದು, ಕೆಳಗೆ ಅಡ್ಡಕ್ಕೆ ಎರಡು, ಓರೆಯಾಗಿ ಎರಡು, ಒಟ್ಟು ನಾಲ್ಕು ಕೈಕತ್ತಿಯ ತಡೆ. ಮುಗಿಯಿತು. ಎಲ್ಲ ಸರಿಯಾಗಿದ್ದರೆ ಹೊರಟ ಜಾಗದಲ್ಲೇ ನಿಂತಿರುತ್ತೀರಿ. ಅಥವಾ ಪಕ್ಕದ ಹುಡುಗನ ಜಾಗದಲ್ಲಿ.

ಪರೀಕ್ಷೆಗೆ ಒಂದು ತಿಂಗಳು ಮುಂಚೆಯೇ ನಾನು ತಾರಸಿ ಮೇಲೆ ಈ ಐ ಬರೆದಿದ್ದೆ. ಬಟವಾಡಿ ಕಡೆ ನಮ್ಮದು 30-40ರ ಸೈಟು. ಅಪ್ಪ ಅಮ್ಮ ಕೆಳಗೆ, ನಾವು ಮೇಲೆ, ಅದರ ಮೇಲೆ ತಾರಸಿ. ಬೇಸಿಗೆ ಬಿಸಿಗೆ ಅಂತ ಬಿಳಿ ಬಣ್ಣ ಹೊಡೆಸಿದ್ದೆವು. ಇಟ್ಟಿಗೆ ಚೂರು ತಗೊಂಡು ಬರೆದರೆ ಕೆಂಪಗೆ ಚೆನ್ನಾಗಿ ಕಾಣುತ್ತದೆ. ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಿದ್ದೆ. ಮೋಡ ಇಲ್ಲದ ಬೆಳಿಗ್ಗೆ ಆ ಕಡೆ ದೇವರಾಯನದುರ್ಗದ ಬೆಟ್ಟಗಳು ಕಾಣುತ್ತವೆ.

ಚಿಕ್ಕಂದಿನಲ್ಲಿ ಕುಂಟೆಬಿಲ್ಲೆ ಆಡಿದವರಿಗೆ ನೆಲದ ಗೆರೆ ಹೊಸದೇನಲ್ಲ. ಅಲ್ಲಿ ಗೆರೆ ತುಳಿದರೆ ಔಟು. ಇಲ್ಲಿ ಗೆರೆ ಮೇಲೇ ನಡೆಯಬೇಕು ಅಂತ ನಾನು ಅಂದುಕೊಂಡೆ. ಒಂದು ಕಾಲಿನ ಮುಂದೆ ಇನ್ನೊಂದು ಕಾಲು, ಹಗ್ಗದ ಮೇಲೆ ನಡೆಯುವ ದೊಂಬರವರ ಹಾಗೆ. ಮಾಸ್ಟ್ರು ಒಂದು ದಿನ ಕ್ಲಾಸಿನಲ್ಲಿ ನನ್ನ ಭುಜಕ್ಕೆ ಎರಡು ಬೆರಳು ಇಟ್ಟು ಪಕ್ಕಕ್ಕೆ ತಳ್ಳಿದರು. ಬಿದ್ದೇ ಬಿಟ್ಟೆ. ಎರಡೇ ಬೆರಳಿಗೆ! ಆಮೇಲೆ ವಿವರಿಸಿದರು. ಮುಂದಿನ ಮಂಡಿ ಮಡಿಸಿ ನಿಲ್ಲುವ ಆ ಉದ್ದ ನಿಲುವಿಗೆ ಜೆಂಕುತ್ಸು ದಾಚಿ ಅನ್ನುತ್ತಾರೆ. ಅದರಲ್ಲಿ ಎರಡು ಪಾದಗಳ ನಡುವೆ ಅಡ್ಡಕ್ಕೂ ಸುಮಾರು ಸೊಂಟದಗಲದ ಜಾಗ ಇರಬೇಕು. ಬಲಪಾದ ಗೆರೆಯ ಬಲಕ್ಕೆ, ಎಡಪಾದ ಎಡಕ್ಕೆ. ಗೆರೆ ಮೇಲೆ ಹೋಗಬೇಕಾದ್ದು ಹೊಕ್ಕಳು. ಪಾದ ಗೆರೆಯನ್ನ ಮುಟ್ಟುವುದೇ ಇಲ್ಲ. ಹೆಜ್ಜೆ ಹಾಕುವಾಗ ಮಾತ್ರ ಪಾದ ಒಳಗೆ ಬಂದು, ಇನ್ನೊಂದು ಪಾದದ ಪಕ್ಕ ಹಾದು, ಮತ್ತೆ ಹೊರಗೆ ಹೋಗಬೇಕು.

ಇದನ್ನ ಯಾವ ಚಿತ್ರವೂ ತೋರಿಸಲ್ಲ ನೋಡಿ. ಚಿತ್ರದಲ್ಲಿ ಒಂದೇ ಗೆರೆ. ಪಾದ ಎಲ್ಲಿ ಅನ್ನೋದು ಹೇಳಿಸಿಕೊಂಡೇ ತಿಳಿಯಬೇಕು.

ತಿದ್ದಿಕೊಂಡೆ. ತಾರಸಿ ಮೇಲೆ ದಿನಾ ಬೆಳಿಗ್ಗೆ ಐದಾರು ಸಲ ಮಾಡುತ್ತಿದ್ದೆ. ಪ್ರತಿ ಸಲವೂ ಹೊರಟ ಜಾಗಕ್ಕೇ ಬರುತ್ತಿದ್ದೆ. ಒಂದು ಬೆರಳು ಆಚೆ ಈಚೆ ಇಲ್ಲ. ಅದಕ್ಕೇ ಪರೀಕ್ಷೆಯಲ್ಲಿ ಆ ಹುಡುಗ ಹಾಗಂದಾಗ ಅವಮಾನಕ್ಕಿಂತ ಆಶ್ಚರ್ಯ ಜಾಸ್ತಿ ಆಯಿತು. ಮನೆಯಲ್ಲಿ ಸರಿ ಬರೋದು ಹಾಲ್‌ನಲ್ಲಿ ಯಾಕೆ ತಪ್ಪುತ್ತೆ?

ಹಾಲ್‌ನ ನೆಲ ಜಾರುತ್ತೆ ಅಂದುಕೊಂಡೆ. ಟೆನ್ಷನ್ ಅಂದುಕೊಂಡೆ. ಕೊನೆಗೆ ಎಡಮಂಡಿಯ ಮೇಲೆ ಹಾಕಿದೆ. ಹತ್ತು ವರ್ಷದ ಹಿಂದೆ ಸ್ಕೂಟಿಯಿಂದ ಬಿದ್ದ ಮಂಡಿ ಅದು. ಎಡಗಾಲು ಮುಂದಿಟ್ಟಾಗ ಹೆಜ್ಜೆ ಒಂದಿಂಚು ಗಿಡ್ಡ ಬರುತ್ತದೆ, ನನಗೇ ಗೊತ್ತಾಗುತ್ತದೆ. ಅದೇ ಕಾರಣ, ಮುಗೀತು ಅಂತ ಸಮಾಧಾನ ಮಾಡಿಕೊಂಡೆ. ಹಳೇ ನೋವು ಇದ್ದರೆ ಅನುಕೂಲ, ಎಲ್ಲದಕ್ಕೂ ಅದನ್ನೇ ತೋರಿಸಬಹುದು.

ಆಗ ಬಂದದ್ದು ಅಪ್ಪ.

ಅಪ್ಪನಿಗೆ ಈಗ 76. ಸರ್ವೆ ಇಲಾಖೆಯಲ್ಲಿ ಇದ್ದವರು. ಮಧುಗಿರಿ, ಪಾವಗಡ, ಶಿರಾ, ಹೀಗೆ ಬಯಲುಸೀಮೆಯ ಹೊಲ ಅಳೆದೇ ಸರ್ವೀಸು ಮುಗಿಸಿದರು. ಪಾವಗಡದ ಕಡಲೆಕಾಯಿ ಹೊಲಗಳಲ್ಲಿ ಈಗ ಸೋಲಾರ್ ಫಲಕಗಳು ನಿಂತಿರುವುದನ್ನು ಪೇಪರಿನಲ್ಲಿ ನೋಡಿ, "ಇಲ್ಲೆಲ್ಲಾ ನಾನು ಚೈನ್ ಎಳೆದಿದ್ದೀನಿ" ಅಂತ ಬೆರಳಿಟ್ಟು ತೋರಿಸುತ್ತಾರೆ. ಫೋಟೋದಲ್ಲಿ ಕಾಣುವುದು ಬರೀ ನೀಲಿ ಗಾಜು. ಅವರಿಗೆ ಹೇಗೆ ಗೊತ್ತಾಗುತ್ತೋ.

ಮೆಟ್ಟಿಲು ಹತ್ತಬಾರದು ಅಂತ ಡಾಕ್ಟರು ಹೇಳಿದ್ದಾರೆ. ಹತ್ತುತ್ತಾರೆ. ಆ ದಿನ ಹಪ್ಪಳದ ಮೇಲೆ ಕಲ್ಲು ಇಡುವ ನೆಪದಲ್ಲಿ ಬಂದವರು ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ನನ್ನ ಕಟಾ ನೋಡಿದರು. ಎರಡು ಸಲ ನೋಡಿದರು. ಹೊಡೆತ ಚೆನ್ನಾಗಿದೆ ಅಂತಲೋ ಕೂಗಬೇಡ ಅಂತಲೋ ಏನಾದರೂ ಹೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಇಷ್ಟೇ.

"ಕೊನೇ ಹೆಜ್ಜೆ ಯಾಕೆ ಎಳೆದೆ?"

"ಎಲ್ಲಿ ಎಳೆದೆ?"

"ಕೊನೇಲಿ. ಕಾಲು ಒಳಗೆ ತಗೊಳ್ಳೋವಾಗ ಅಷ್ಟುದ್ದ ಎಳೆದು ಆ ಗುರುತಿನ ಮೇಲೆ ತಂದಿಟ್ಟೆ."

ನಾನು ಇಲ್ಲ ಅಂದೆ. ಮತ್ತೆ ಮಾಡು ಅಂದರು. ಮಾಡಿದೆ. ಕೊನೆಯಲ್ಲಿ ನನ್ನ ಎಡಗಾಲು ತಾನಾಗಿಯೇ ಜಾರಿಕೊಂಡು ಇಟ್ಟಿಗೆ ಗುರುತಿನ ಮೇಲೆ ಹೋಗಿ ಕೂತಿತು. ನಾನೇ ನೋಡಿದೆ. ಗಾಡಿ ಬಿಟ್ಟ ಎತ್ತು ಕೊಟ್ಟಿಗೆಗೆ ಹೋದ ಹಾಗೆ.

ಮಂಡಿಯಲ್ಲಿ ಸಂಜೆ ನಗದು ಲೆಕ್ಕ ಕೂಡದಿದ್ದರೆ ಹೊಸ ಹುಡುಗರು ಏನು ಮಾಡುತ್ತಾರೆ ಅಂತ ನನಗೆ ಗೊತ್ತು. ಟೀ ಖರ್ಚು, ಇತರೆ ಖರ್ಚು ಅಂತ ಬರೆದು ಸಮ ಮಾಡಿಬಿಡುತ್ತಾರೆ. ಅವರನ್ನ ಬೈಯುವವಳು ನಾನು. ಈಗ ತಾರಸಿ ಮೇಲೆ ನನ್ನ ಎಡಗಾಲು ದಿನಾ ಬೆಳಿಗ್ಗೆ ಇತರೆ ಖರ್ಚು ಬರೆಯುತ್ತಿತ್ತು.

ಅಪ್ಪ ವಿವರಿಸಲು ಶುರು ಮಾಡಿದರು. ಅವರು ಸರ್ವೆ ವಿಷಯಕ್ಕೆ ಬಂದರೆ ನಿಲ್ಲಿಸೋದು ಕಷ್ಟ. ಒಂದು ಕಲ್ಲಿನಿಂದ ಹೊರಟು, ಊರ ಗಡಿ ಸುತ್ತಿ, ಒಂದೊಂದು ಬಾಹುವಿನ ಉದ್ದ, ದಿಕ್ಕು ಬರೆದುಕೊಂಡು ಮತ್ತೆ ಅದೇ ಕಲ್ಲಿಗೆ ಬರಬೇಕು. ಕಾಗದದ ಮೇಲೆ ಹಾಕಿದಾಗ ಆ ಸುತ್ತು ಕೂಡಲೇಬೇಕು. ಪೂರ್ತಿ ಕೂಡುವುದು ಅಪರೂಪ. ಉಳಿದ ಸಂದಿಗೆ ಒಂದು ಮಿತಿ ಇದೆ. ಮಿತಿಯೊಳಗೆ ಇದ್ದರೆ ಆ ತಪ್ಪನ್ನ ಎಲ್ಲ ಬಾಹುಗಳಿಗೂ ಅವುಗಳ ಉದ್ದಕ್ಕೆ ತಕ್ಕಷ್ಟು ಹಂಚುತ್ತಾರೆ. ಬೌಡಿಚ್ ನಿಯಮ ಅಂತ ಅದಕ್ಕೆ ಹೆಸರು. ಮಿತಿ ದಾಟಿದರೆ ಹಂಚುವ ಹಾಗಿಲ್ಲ, ಮತ್ತೆ ಹೊಲಕ್ಕೆ ಹೋಗಬೇಕು.

"ಯಾವ ಕಾಲಕ್ಕೂ ಕೊನೇ ಬಾಹು ಒಂದಕ್ಕೇ ತಂದು ಸುರಿಯೋ ಹಾಗಿಲ್ಲ" ಅಂದರು. "ಹಾಗೆ ಸುರಿದವರು ಇದ್ದಾರೆ. ಅವರು ಸುರಿದ ಕಡೆ ಇವತ್ತಿಗೂ ಬದು ಜಗಳ ನಡೀತಿದೆ."

ಇಲ್ಲೊಂದು ಮಾತು ಹೇಳಬೇಕು. ಶೋಟೊಕಾನ್‌ನಲ್ಲಿ ಮೇಲಿನ ಹಂತದ ಒಂದು ಕಟಾ ಇದೆ. ಅದರ ಹೆಸರೇ ಚಿಂತೆ. ನಾನು ತಮಾಷೆ ಮಾಡುತ್ತಿಲ್ಲ, ಜಪಾನಿಯಲ್ಲಿ ಅಪರೂಪದ ಕೈ ಅನ್ನೋ ಹಾಗೆ ಅರ್ಥವಂತೆ. ಅದರ ಕೊನೆಗೆ ಎರಡೂ ಕಾಲು ಜೋಡಿಸಿಕೊಂಡು ಹಿಂದಕ್ಕೆ ಮೂರು ಸಲ ಕುಪ್ಪಳಿಸುತ್ತಾರೆ. ಹೊರಟ ಜಾಗಕ್ಕೆ ಬಂದು ಸೇರಲಿ ಅಂತಲೇ ಆ ಕುಪ್ಪಳ ಸೇರಿಸಿದ್ದು ಅನ್ನೋ ವಾದ ಕರಾಟೆಯವರಲ್ಲಿ ಇದೆ. ಅಲ್ಲ, ಅದಕ್ಕೆ ಬೇರೆ ಅರ್ಥ ಇದೆ ಅನ್ನುವವರೂ ಇದ್ದಾರೆ. ಅಪ್ಪನಿಗೆ ವಿಡಿಯೋ ತೋರಿಸಿದೆ. "ನೋಡು, ಸುರೀತಿದ್ದಾನೆ" ಅಂದರು.

ಅಪ್ಪ ಹೇಳಿದ ಮೊದಲ ಕೆಲಸ ಗೆರೆ ಅಳಿಸೋದು. ನನಗೆ ಹೊಟ್ಟೆ ಉರಿಯಿತು. ಅಷ್ಟು ಚೆನ್ನಾಗಿ ಬರೆದಿದ್ದೆ. ಆದರೆ ಅವರ ತರ್ಕ ಸರಳ. ನಕ್ಷೆ ಮೊದಲೇ ಇದ್ದರೆ ಅಳೆಯುವವನ ಕಣ್ಣು ನಕ್ಷೆಗೇ ಹೊಂದಿಸುತ್ತದೆ. ಹೊರಟ ಕಲ್ಲು ಒಂದು ಇರಲಿ. ಉಳಿದದ್ದನ್ನ ನಡೆದ ಮೇಲೆ ಬರೆಯೋಣ.

ನಡೆದದ್ದು ನೆಲದ ಮೇಲೆ ಉಳಿಯಬೇಕಲ್ಲ? ಮೊದಲು ಕಾಲು ಒದ್ದೆ ಮಾಡಿಕೊಂಡು ಮಾಡಿದೆ. ಮಾರ್ಚ್ ಬಿಸಿಲು. 12ನೇ ಚಲನೆಗೆ ಬರುವ ಹೊತ್ತಿಗೆ ಮೊದಲಿನ ಹೆಜ್ಜೆಗಳು ಆರಿ ಹೋಗಿದ್ದವು. ರಂಗೋಲಿ ಪುಡಿ ಹರಡಿದೆ, ಕಾಲು ಜಾರಿ ಕೂರುವಂತಾಯಿತು. ಬಿಳಿ ನೆಲದ ಮೇಲೆ ಅದು ಕಾಣುವುದೂ ಅಷ್ಟಕ್ಕಷ್ಟೇ. ಅಮ್ಮನ ಹತ್ತಿರ ಹಿಟ್ಟು ಕೇಳಿದೆ. ಅಕ್ಕಿ ಹಿಟ್ಟು ಕೊಡಲ್ಲ ಅಂದರು. ಹುಳ ಬಿದ್ದು ದನಕ್ಕೆ ಹಾಕಲು ಎತ್ತಿಟ್ಟಿದ್ದ ರಾಗಿ ಹಿಟ್ಟು ಒಂದು ಡಬ್ಬ ಕೊಟ್ಟರು. ಜರಡಿಯಲ್ಲಿ ತೆಳ್ಳಗೆ ಉದುರಿಸಿದರೆ ಬಿಳಿ ತಾರಸಿ ಮೇಲೆ ಕಂದು ಬಣ್ಣದ ಹೊದಿಕೆ. ಅದರ ಮೇಲೆ ಕಾಲಿಟ್ಟರೆ ಹೆಬ್ಬೆರಳಿಂದ ಹಿಮ್ಮಡಿವರೆಗೂ ಅಚ್ಚು ಬೀಳುತ್ತದೆ.

ಅಮ್ಮ ಮೇಲೆ ಬಂದು ನೋಡಿದರು. ಗೋಕುಲಾಷ್ಟಮಿಗೆ ಬಾಗಿಲಿಂದ ದೇವರ ಮನೆವರೆಗೂ ಪುಟ್ಟ ಕೃಷ್ಣನ ಹೆಜ್ಜೆ ಬಿಡಿಸುವವರು ಅವರು. "ಇದ್ಯಾವ ಅಷ್ಟಮಿ? ಕೃಷ್ಣ ಕುಡಿದು ಬಂದ ಹಾಗಿದೆ" ಅಂದು ಇಳಿದು ಹೋದರು.

ಆ ಹಿಟ್ಟಿನ ಮೇಲೆ ನನ್ನ ಕಟಾವನ್ನ ಮೊದಲ ಸಲ ನೋಡಿದೆ. ಮಾಡುವಾಗ ಒಳಗಿಂದ ಎಲ್ಲಾ ನೆಟ್ಟಗೆ ಅನ್ನಿಸಿತ್ತು. ಹಿಮ್ಮಡಿ ಎತ್ತಿದ ಕಡೆ ಮುಂಗಾಲಿನ ಗುಂಡಗಿನ ಗುರುತು ಮಾತ್ರ ಇತ್ತು. ಹಿಂದಿನ ಕಾಲು ಓರೆಯಾದ ಕಡೆ ಬೆರಳುಗಳು ಬೀಸಣಿಗೆ ಬಿಚ್ಚಿದ ಹಾಗೆ ಬಿದ್ದಿದ್ದವು. ತಿರುಗಿದ ಕಡೆಯಲ್ಲೆಲ್ಲ ಹಿಟ್ಟು ಬಳಿದುಹೋಗಿ ಅರ್ಧಚಂದ್ರ. ಮೂರು ಹೆಜ್ಜೆ ನುಗ್ಗುವ ಕಡೆ ಎರಡನೆಯದರಲ್ಲಿ ಪಾದ ಒಳಗೆ ಬಂದೇ ಇಲ್ಲ, ನೇರ ಎತ್ತಿ ಇಟ್ಟಿದ್ದೇನೆ. ಇಷ್ಟು ದಿನ ಮಾಸ್ಟ್ರು ಹೇಳಿದ್ದೆಲ್ಲ ಅಲ್ಲಿ ಬರೆದಿತ್ತು.

ಈ ಸಲ ಕೊನೇ ಕಾಲು ಎಳೆಯಬಾರದು ಅಂತ ಅಪ್ಪನ ಅಪ್ಪಣೆ. ಎಳೆಯಲಿಲ್ಲ. ಹೊರಟ ಗುರುತಿಗೂ ನಿಂತ ಜಾಗಕ್ಕೂ ಎಡಕ್ಕೆ ಒಂದು ಗೇಣು, ಮೇಲೆ ಎರಡು ಬೆರಳು. ಹಿಂದೆ ಮುಂದೆ ಹೆಚ್ಚು ಕಮ್ಮಿ ಏನೂ ಇಲ್ಲ. ಅಪ್ಪ ಟೇಪು ಹಿಡಿದರು. ಹತ್ತೂವರೆ ಇಂಚು.

ಮಂಡಿ ನೋವಿನ ಕಥೆ ಹೇಳಿದೆ. ಎಡಗಾಲಿನ ಹೆಜ್ಜೆ ಗಿಡ್ಡ, ಅದಕ್ಕೇ ಹೀಗೆ ಅಂತ. ಅವರು ತಮ್ಮ ನೋಟ್‌ಬುಕ್ಕಿನಲ್ಲಿ ಗೀಟು ಎಳೆದು ಕಾಲಂ ಮಾಡಿದರು. ಹೋಗುವಾಗ ಯಾವ ಕಾಲು ಮುಂದೆ, ಹೇಳು ಅಂದರು. ಉದ್ದಗೆರೆಯಲ್ಲಿ ಎಡ, ಬಲ, ಎಡ, ಬಲ. ಬರುವಾಗ? ಎಡ, ಬಲ, ಎಡ, ಬಲ. ಅಡ್ಡಗೆರೆಯಲ್ಲಿ? ಈ ಕಡೆ ಎಡ, ಬಲ. ಆ ಕಡೆ ಬಲ, ಎಡ. ಬರೆದುಕೊಂಡು ಕನ್ನಡಕದ ಮೇಲಿಂದ ನನ್ನ ನೋಡಿದರು.

"ಹೋಗೋವಾಗ ಎಷ್ಟು ಗಿಡ್ಡವೋ ಬರೋವಾಗಲೂ ಅಷ್ಟೇ ಗಿಡ್ಡ. ವಜಾ ಆಯ್ತು. ಮಂಡಿ ಬಿಡು."

ಹತ್ತು ವರ್ಷದ ನೆಪ ಹತ್ತು ನಿಮಿಷದಲ್ಲಿ ಹೋಯಿತು. ನನ್ನ ಪ್ರಕಾರ ಈ ಕಟಾ ಕಟ್ಟಿದವರ ಜಾಣತನ ಇಲ್ಲೇ ಇದೆ. ಕಾಲು ಕುಂಟಿದರೂ ಎರಡು ಕಡೆಯೂ ಒಂದೇ ಸಮ ಕುಂಟಿದರೆ ಲೆಕ್ಕ ಕೂಡುತ್ತದೆ. ಉದ್ದದ ತಪ್ಪು ವಜಾ ಆಗುತ್ತದೆ. ದಿಕ್ಕಿನ ತಪ್ಪು ಆಗೋದಿಲ್ಲ.

ಕೊನೆಯ ನಾಲ್ಕು ಚಲನೆಯನ್ನ ಅಪ್ಪ ಸದ್ಯಕ್ಕೆ ಬದಿಗಿಟ್ಟರು. ಅಲ್ಲಿ ನಿಲುವೇ ಬೇರೆ. ಭಾರ ಹಿಂದಿನ ಕಾಲಿಗೆ ಹೋಗುತ್ತದೆ, ಹೆಜ್ಜೆಯ ಅಳತೆಯೂ ಬೇರೆ. ಅದಕ್ಕೆ ಮುಂಚೆ 17ನೇ ಚಲನೆಗೆ ನಿಲ್ಲು, ಅಲ್ಲೊಂದು ನಡುಗಲ್ಲು ನೆಡೋಣ ಅಂದರು. ಹೊಲ ಅಳೆಯುವಾಗಲೂ ಕೊನೆವರೆಗೂ ಕಾಯದೆ ನಡುವೆ ಒಂದು ಚೆಕ್ ಲೈನ್ ಹಾಕುತ್ತಾರಂತೆ. 17ರಲ್ಲೇ ಎಡಕ್ಕೆ ಸರಿದಾಗಿತ್ತು. 9ರಲ್ಲಿ ನೋಡಿದರೆ ನೆಟ್ಟಗಿದೆ. ಹಾಗಾದರೆ ಕಳ್ಳ ಇರೋದು ನಡುವೆ. 10ನೇ ಚಲನೆ.

10ನೆಯದು ದೊಡ್ಡ ತಿರುವು. ಮುಂದಿನ ಬಲಗಾಲಿನ ಮೇಲೆ ನಿಂತು, ಎಡಗಾಲನ್ನ ಹಿಂದಿನಿಂದ ಬೀಸಿ, ಎಡಕ್ಕೆ 270 ಡಿಗ್ರಿ ತಿರುಗಬೇಕು. ಮುಕ್ಕಾಲು ಸುತ್ತು. ಪೂರ್ವಕ್ಕೆ ಮುಖ ಇದ್ದವಳು ಉತ್ತರ, ಪಶ್ಚಿಮ ದಾಟಿ ದಕ್ಷಿಣಕ್ಕೆ ನಿಲ್ಲಬೇಕು. ಅಪ್ಪ ಮಗನ ಜಾಮಿಟ್ರಿ ಬಾಕ್ಸಿನಿಂದ ಕೋನಮಾಪಕ ತರಿಸಿದರು. ಅಮ್ಮನ ಹೂ ಕಟ್ಟುವ ದಾರ ತಗೊಂಡು ಎರಡು ಹೆಜ್ಜೆಗೆ ಹಿಡಿದರು. 76 ವರ್ಷದವರು ರಾಗಿ ಹಿಟ್ಟಿನಲ್ಲಿ ಮಂಡಿಯೂರಿ ಕೂತು ಮಗಳ ಪಾದದ ಗುರುತಿಗೆ ಕೋನ ಅಳೆಯುವುದನ್ನು ಪಕ್ಕದ ಮನೆಯವರು ಅವರ ತಾರಸಿಯಿಂದ ನೋಡುತ್ತಿದ್ದರು. ಏನೂ ಕೇಳಲಿಲ್ಲ. ಮಾಟ ಗೀಟ ಅಂದುಕೊಂಡಿರಬೇಕು.

90 ಇರಬೇಕಾದಲ್ಲಿ 85 ಇತ್ತು.

ಐದೇ ಡಿಗ್ರಿ. ನಿಂತಾಗ ಗೊತ್ತೇ ಆಗಲ್ಲ. ಅಪ್ಪ ಬಾಯಿಲೆಕ್ಕ ಹಾಕಿದರು. 57 ಅಡಿ ದೂರಕ್ಕೆ ಒಂದು ಡಿಗ್ರಿ ವಾಲಿದರೆ ಒಂದು ಅಡಿ ಸರಿಯುತ್ತದೆ. ಸರ್ವೆಯವರ ಹಳೇ ಲೆಕ್ಕ ಅದು. ಇಲ್ಲಿ ದೂರ ಎಷ್ಟು? ಅವರು ನನ್ನ ಹೆಜ್ಜೆ ಅಳೆದರು. ಮೂವತ್ತೊಂದು ಇಂಚು. "ಒಂದೂಕಾಲು ಆಣೆ" ಅಂದರು.

ಆಣೆ ಯಾಕೆ ಬಂತು ಅಂತ ನಗು ಬಂತು. ಅವರು ಎಳೆದ ಚೈನು 33 ಅಡಿ ಉದ್ದದ್ದು. ಅದಕ್ಕೆ 16 ಆಣೆ. ರೂಪಾಯಿಗೆ 16 ಆಣೆ ಇದ್ದ ಹಾಗೆ. 33 ಅಡಿ ಉದ್ದ, 33 ಅಡಿ ಅಗಲ ಇದ್ದರೆ 1089 ಚದರ ಅಡಿ, ಅಂದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ರೂಪಾಯಿಯ ಆಣೆ ಎಂದೋ ಹೋಯಿತು. ಅಪ್ಪನ ತಲೆಯಲ್ಲಿ ಚೈನಿನ ಆಣೆ ಹಾಗೇ ಇದೆ. ಒಂದಾಣೆ ಅಂದರೆ ಎರಡಡಿ ಮುಕ್ಕಾಲಿಂಚು. ನನ್ನ ನಾಲ್ಕು ಹೆಜ್ಜೆ ಐದಾಣೆ, ಹತ್ತಡಿಗೆ ಚೂರು ಮೇಲೆ. ಹತ್ತಡಿಗೆ ಐದು ಡಿಗ್ರಿ ಅಂದರೆ ಹತ್ತೂವರೆ ಇಂಚು.

ಟೇಪು ಹೇಳಿದ್ದೂ ಅದೇ. ಅಪ್ಪನ ಮುಖ ನೋಡಬೇಕಿತ್ತು. ಎಷ್ಟೋ ವರ್ಷದ ಮೇಲೆ ಅವರಿಗೆ ಒಂದು ಸುತ್ತು ಕೂಡಿತ್ತು.

ಈ ಹುಚ್ಚು ನಮ್ಮ ಮನೆಗೆ ಮಾತ್ರ ಅಂತಲ್ಲ. ಆಮೇಲೆ ಓದುತ್ತಾ ಹೋದೆ. ಕೇರಳದ ಕಳರಿಯ ಕಣಕ್ಕೇ ಲೆಕ್ಕ ಇದೆ, ಸಾಮಾನ್ಯವಾಗಿ 42 ಅಡಿ ಉದ್ದ, 21 ಅಡಿ ಅಗಲ. ಫಿಲಿಪೀನ್ಸ್‌ನ ದೊಣ್ಣೆ ವಿದ್ಯೆಯಲ್ಲಿ ನೆಲದ ಮೇಲೆ ತ್ರಿಕೋನ ಬರೆದು ಅದರ ಮೂಲೆಗಳಲ್ಲಿ ಕಾಲಿಡುವುದನ್ನ ಕಲಿಸುತ್ತಾರೆ. ಎದುರಿನ ಏಟಿನ ಗೆರೆಯಿಂದ ಓರೆಯಾಗಿ ಆಚೆ ಹೋಗೋದಕ್ಕೆ. ಚೀನಾದ ಬಾಗುವಾ ಅನ್ನೋ ವರಸೆಯವರು ವೃತ್ತದ ಅಂಚಿನಲ್ಲೇ ಸುತ್ತುತ್ತಾ ಇರುತ್ತಾರೆ. ನನಗೆ ಎಲ್ಲಕ್ಕಿಂತ ಇಷ್ಟವಾದವನು 17ನೇ ಶತಮಾನದ ಗಿರಾರ್ಡ್ ತಿಬೋ. ಆಂಟ್‌ವರ್ಪ್‌ನವನು, ಕತ್ತಿ ವರಸೆಯವನು. ನೆಲದ ಮೇಲೆ ದೊಡ್ಡ ವೃತ್ತ, ಅದರೊಳಗೆ ಚೌಕ, ಅಡ್ಡಡ್ಡ ಗೆರೆಗಳು, ಯಾವ ಬಿಂದುವಿನಲ್ಲಿ ಯಾವ ಕಾಲು ಅಂತ ಬರೆದಿಟ್ಟಿದ್ದಾನೆ. ಆ ವೃತ್ತದ ಅಳತೆ ಮನುಷ್ಯನ ಮೈ ಅಳತೆಯಿಂದಲೇ ಬರುತ್ತದೆ. ಅವರವರ ಮೈಗೆ ಅವರವರ ವೃತ್ತ. ಇದನ್ನ ಅಪ್ಪನಿಗೆ ಹೇಳಿದೆ. "ಗೇಣು, ಮೊಳ, ಮಾರು ಎಲ್ಲಾ ಹಾಗೇ ತಾನೇ?" ಅಂದು ಪೇಪರ್ ಓದಲು ಹೋದರು. ಅವರ ಆಸಕ್ತಿ 10ನೇ ಚಲನೆಯಲ್ಲಿ ಮಾತ್ರ.

ತಪ್ಪು ಎಲ್ಲಿ ಅಂತ ಗೊತ್ತಾಯಿತು. ಯಾಕೆ ಅನ್ನೋದು ಮಾಸ್ಟ್ರಿಂದ ಗೊತ್ತಾಯಿತು. ನನ್ನ ತಿರುವನ್ನ ಒಂದೇ ಸಲ ನೋಡಿ, "ನೀವು ನೆಲ ನೋಡ್ತಾ ತಿರುಗ್ತೀರಿ" ಅಂದರು. ನಿಜ. ತಾರಸಿಯಲ್ಲಿ ಇಟ್ಟಿಗೆ ಗೆರೆ ಹುಡುಕಿ ಹುಡುಕಿ ಅದೇ ರೂಢಿ ಆಗಿತ್ತು. ಗೆರೆ ಇದ್ದಾಗ ಕಣ್ಣು ಅದನ್ನ ಹಿಡಿದು ಕಾಲನ್ನ ಅದರ ಮೇಲೆ ತರುತ್ತಿತ್ತು. ಸೊಂಟ ಪೂರ್ತಿ ತಿರುಗದಿದ್ದರೂ ನಡೆಯುತ್ತಿತ್ತು. ಹಾಲ್‌ನಲ್ಲಿ ಗೆರೆ ಇಲ್ಲ. ಕಣ್ಣು ನೆಲದಲ್ಲಿ ಅದನ್ನೇ ಹುಡುಕುತ್ತಿತ್ತು, ಸೊಂಟ ಎಲ್ಲೋ 265ರಲ್ಲಿ ಸುಸ್ತಾಗಿ ನಿಲ್ಲುತ್ತಿತ್ತು.

ಉಪಾಯ ಹಳೆಯದೇ. ಮೊದಲು ತಲೆ ತಿರುಗಬೇಕು. ದೂರದ ಒಂದು ವಸ್ತು ನೋಡಬೇಕು. ಆಮೇಲೆ ಕಾಲು ಬೀಸಬೇಕು, ಕೊನೆಗೆ ಸೊಂಟ ಬಂದು ಬಾಗಿಲು ಮುಚ್ಚಿದ ಹಾಗೆ ಮುಚ್ಚಬೇಕು. ತಾರಸಿಯಿಂದ ದಕ್ಷಿಣಕ್ಕೆ ನೆಟ್ಟಗೆ ಕಾಣುವುದು ಪಕ್ಕದ ಬೀದಿಯವರ ನೀಲಿ ನೀರಿನ ಟ್ಯಾಂಕು. ಅದನ್ನೇ ಹಿಡಿದುಕೊಂಡೆ. ಮೂರು ವಾರ ಬರೀ 9, 10, 11. ನುಗ್ಗು, ತಿರುಗು, ಟ್ಯಾಂಕಿಗೆ ಗುದ್ದು. ತಲೆ ಸುತ್ತುತ್ತಿತ್ತು. ಮೇಲಿನ ಅಡ್ಡಗೆರೆಯ ಜಾಗದಲ್ಲಿ ನನ್ನ ಬಲಗಾಲಿನ ಮುಂಗಾಲಿಗೆ ಬೊಬ್ಬೆ ಬಂದು ಒಡೆದು ಈಗ ಅಲ್ಲಿ ಚರ್ಮ ಗಟ್ಟಿಯಾಗಿದೆ.

ಮೊದಲ ವಾರ ತಪ್ಪು ಬಲಕ್ಕೆ ಹೋಯಿತು. ನಾಲ್ಕು ಬೆರಳು. ಜಾಸ್ತಿ ತಿರುಗುತ್ತಿದ್ದೆ. ಅಪ್ಪ ಖುಷಿಯಾದರು. ಒಂದೇ ಕಡೆ ತಪ್ಪುವುದಕ್ಕಿಂತ ಎರಡೂ ಕಡೆ ತಪ್ಪುವುದು ಅವರ ಲೆಕ್ಕದಲ್ಲಿ ಒಳ್ಳೆ ಲಕ್ಷಣ. ಒಂದೇ ಕಡೆಗಾದರೆ ಚೈನಿನಲ್ಲೇ ದೋಷ ಅಂತೆ. ಕಬ್ಬಿಣದ ಚೈನು ಎಳೆದೂ ಎಳೆದೂ ಕೊಂಡಿ ಹಿಗ್ಗಿ ಉದ್ದ ಆಗುತ್ತದೆ, ಮಧ್ಯಾಹ್ನದ ಬಿಸಿಲಿಗೂ ಕೂದಲೆಳೆಯಷ್ಟು ಬೆಳೆಯುತ್ತದೆ, ಅದಕ್ಕೇ ಆಗಾಗ ಅಳತೆಗೆ ಹಿಡಿದು ನೋಡುತ್ತಿದ್ದರಂತೆ. ನನ್ನ ಹೆಜ್ಜೆಯೂ ಅಷ್ಟೇ. ಬೆಳಿಗ್ಗೆ ಮೂವತ್ತೊಂದು ಇಂಚು. ಮಂಡಿಯಲ್ಲಿ ವ್ಯಾಪಾರದ ದಿನ ಮುಗಿಸಿ ಸಂಜೆ ಬಂದರೆ ಇಪ್ಪತ್ತೆಂಟು.

ಹಿಟ್ಟಿನಿಂದ ಒಂದು ತೊಂದರೆ ಆಯಿತು. ಪಾರಿವಾಳಗಳು. ಮುಗಿಸಿ ಟೇಪು ತರಲು ಕೆಳಗಿಳಿದು ಬರುವಷ್ಟರಲ್ಲಿ ಹತ್ತಿಪ್ಪತ್ತು ಇಳಿದು ನನ್ನ ಹೆಜ್ಜೆ ಮೇಲೆ ಅವುಗಳ ಹೆಜ್ಜೆ ಹಾಕಿಬಿಡುತ್ತಿದ್ದವು. ಈಗ ತಿರುವಿನ ಜಾಗಕ್ಕೂ ಹೊರಟ ಜಾಗಕ್ಕೂ ಮಾತ್ರ ಒಂದೊಂದು ಹಿಡಿ ಉದುರಿಸುತ್ತೇವೆ. ಟೇಪು ಅಪ್ಪನ ಜೇಬಿನಲ್ಲೇ ಇರುತ್ತದೆ.

ಅವರ ನೋಟ್‌ಬುಕ್ಕು ಅರ್ಧ ತುಂಬಿದೆ. ತಾರೀಖು, ಹೊತ್ತು, 9ರಲ್ಲಿ ಎಷ್ಟು, 17ರಲ್ಲಿ ಎಷ್ಟು, ಕೊನೆಗೆ ಎಷ್ಟು. ಕೊನೇ ಕಾಲಂ ಷರಾ. ಅಪ್ಪ ಷರಾ ವಿಷಯದಲ್ಲಿ ಬಲು ಬಿಗಿ. ಸರ್ವೀಸಿನಲ್ಲೂ ಹಾಗೇ ಇದ್ದರಂತೆ. ಕಲ್ಲು ಇಲ್ಲದಿದ್ದರೆ "ಕಲ್ಲು ಇಲ್ಲ", ನಕ್ಷೆಗೂ ನೆಲಕ್ಕೂ ಸರಿ ಬರದಿದ್ದರೆ "ತಾಳೆ ಇಲ್ಲ". ಅಷ್ಟೇ. ಯಾಕೆ, ಏನು ಅಂತ ಸಬೂಬು ಬರೆಯುವವರನ್ನ ಕಂಡರೆ ಆಗುತ್ತಿರಲಿಲ್ಲ. ನನ್ನ ಪುಟಗಳಲ್ಲೂ ಷರಾ ಸಾಲು ಬಹುತೇಕ ಖಾಲಿ. ಒಂದು ಕಡೆ "ತಲೆ ತಡವಾಯಿತು" ಅಂತಿದೆ. ಇನ್ನೊಂದು ಕಡೆ "ಎಳೆದಳು" ಅಂತ. ಆ ದಿನ ನಾನು ಎಳೆದಿರಲಿಲ್ಲ ಅಂತ ಈಗಲೂ ಹೇಳುತ್ತೇನೆ.

ಮುಂದಿನ ಪರೀಕ್ಷೆ ಇನ್ನು ಹತ್ತು ದಿನ ಇದೆ. ಹೊಸ ಕಟಾ ಬಂದಿದೆ, ಆದರೆ ಹೇಯಾನ್ ಶೋದಾನ್ ಕೂಡ ಮತ್ತೆ ಕೇಳುತ್ತಾರೆ. ನಿನ್ನೆ ಸಂಜೆ ಮೋಡ ಕಟ್ಟಿತ್ತು. ಬೇಗ ಬೇಗ ಎರಡು ಸಲ ಮಾಡಿದೆ. ಮೊದಲನೆಯದು ಗುರುತಿನ ಮೇಲೇ ಬಂತು. ಎರಡನೆಯದರಲ್ಲಿ ಕಣ್ಣು ಟ್ಯಾಂಕು ಬಿಟ್ಟು ಮಿಂಚಿನ ಕಡೆ ಹೋಯಿತು. ನಿಂತಾಗಲೇ ಗೊತ್ತಾಯಿತು. ಅಪ್ಪ ಬಗ್ಗಿ ಅಳೆದರು. ಹನಿ ಬಿತ್ತು. ಹಪ್ಪಳ ಎತ್ತಿಕೊಳ್ಳಿ ಅಂತ ಅಮ್ಮ ಕೆಳಗಿಂದ ಕೂಗಿದರು. ಅಪ್ಪ ನೋಟ್‌ಬುಕ್ಕು ಶರಟಿನೊಳಗೆ ಇಟ್ಟುಕೊಂಡು ಒಂದೊಂದೇ ಮೆಟ್ಟಿಲು ಇಳಿದರು.

ರಾತ್ರಿ ಊಟ ಆದ ಮೇಲೆ ಟೀಪಾಯಿ ಮೇಲಿದ್ದ ನೋಟ್‌ಬುಕ್ಕು ತೆಗೆದು ನೋಡಿದೆ. ಅವರ ಅದೇ ಉದ್ದುದ್ದ ಅಕ್ಷರ. 9ರಲ್ಲಿ ಸರಿ. 17ರಲ್ಲಿ ಎಡಕ್ಕೆ 2 ಇಂಚು. ಕೊನೆಗೆ ಎಡಕ್ಕೆ 2 ಇಂಚು. ಷರಾ: ಗಾಳಿ ಜಾಸ್ತಿ ಇತ್ತು.